ಕಾರ್ಖಾನೆಯೂ ಒಂದು ಪಾಠಶಾಲೆ

ನಮ್ಮ ಮೇಜಿನ ಮೇಲೆ ಎರಡು ವಸ್ತುಗಳಿವೆ. ಒಂದು, ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿದ ಗಿಳಿ. ಇನ್ನೊಂದು, ಮಕ್ಕಳ ಆಟಿಕೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ. ಇದರ ವ್ಯಾಸ 60 ಮಿಲಿಮೀಟರು. ಮೊದಲನೆಯದನ್ನು ಬಂದವರೆಲ್ಲರೂ ಎತ್ತಿ ನೋಡಿ ಮೆಚ್ಚುತ್ತಾರೆ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಆದರೆ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಮುಚ್ಚಳ ಒಂದು ಪಾಠವನ್ನು ಕಲಿಸಿತು. ಆ ಪಾಠವನ್ನೇ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಮಂಗಳೂರಿನಿಂದ ಒಬ್ಬ ರೈತರು ನಮ್ಮನ್ನು ಕಾಣಲು ಬಂದರು. ಇದು ಕಡಲತೀರದ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಕುಕನೂರಿನ ಸೀಮೆಯಲ್ಲಿರುವ ಮಂಗಳೂರು. ಅವರ ಹಿರಿಯ ಮಗ ನಮ್ಮ ಕಾಲೇಜಿನ ವಿದ್ಯಾರ್ಥಿ. ಕಿರಿಯವನು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಆಗತಾನೆ ತೇರ್ಗಡೆಯಾಗಿದ್ದ. ಗಣಿತ, ವಿಜ್ಞಾನಗಳಲ್ಲಿ ಒಳ್ಳೆಯ ಅಂಕಗಳು. ಅವನನ್ನು ಪಿ.ಯು.ಸಿ.ಗೆ ಸೇರಿಸುವುದೋ, ಬೆಂಗಳೂರಿನಲ್ಲಿ ಅಚ್ಚು ಮತ್ತು ಉಪಕರಣಗಳ ತಯಾರಿಕೆಯನ್ನು ಕಲಿಸುವ ನಾಲ್ಕು ವರ್ಷಗಳ ಡಿಪ್ಲೊಮಾಕ್ಕೆ ಕಳುಹಿಸುವುದೋ ಎಂಬುದು ಅವರ ಪ್ರಶ್ನೆ. "ನೀವು ಓದಿದವರು, ಸರ್. ನೀವು ಹೇಳಿದಂಗ ಮಾಡ್ತೀವಿ" ಎಂದರು.

ಪಿ.ಯು.ಸಿ. ಓದಿಸಿರಿ ಎಂದು ನಾವು ಹಿಂದುಮುಂದು ನೋಡದೆ ಹೇಳಿಬಿಟ್ಟೆವು. ಜಾಣ ಹುಡುಗನಿಗೆ ಪುಸ್ತಕ, ಉಳಿದವರಿಗೆ ಕೈಕೆಲಸ ಎಂಬ ಹಳೆಯ ಭಾವನೆ ನಮ್ಮ ಮನಸ್ಸಿನಲ್ಲಿಯೂ ಬೇರೂರಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಹುಡುಗ ನಮ್ಮ ಮಾತನ್ನು ಕೇಳಲಿಲ್ಲ, ಬೆಂಗಳೂರಿಗೆ ಹೋದ. ಅವನು ಸೇರಿದ ಬಗೆಯ ಶಿಕ್ಷಣದ ಸ್ವರೂಪವೇನು, ಅದು ಹುಟ್ಟಿದ್ದು ಹೇಗೆ, ಅದರ ಗುಣದೋಷಗಳೇನು ಎಂಬುದನ್ನು ಈಗ ಪರಿಶೀಲಿಸೋಣ.

ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ

ಇಂಜನಿಯರಿಂಗನ್ನು ಕಾಲೇಜಿನ ಕೊಠಡಿಯೊಳಗೆ ಮಾತ್ರ ಕಲಿಸಲು ಸಾಧ್ಯವೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರನ್ನು ಈ ಪ್ರಶ್ನೆ ಕಾಡಿತು. ಅವರು ಓದಿದುದೂ ಮೊದಲು ಬೋಧಿಸಿದುದೂ ಲೀಹೈ ವಿಶ್ವವಿದ್ಯಾನಿಲಯದಲ್ಲಿ. ಅದರ ನೆರೆಯಲ್ಲಿಯೇ ಬೆತ್ಲೆಹೆಮ್ ಪಟ್ಟಣದ ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು. ಓದುತ್ತಿರುವಾಗಲೇ ಎಲ್ಲಿಯಾದರೂ ದುಡಿದು ಅನುಭವ ಪಡೆದವರು ಮುಂದೆ ಒಳ್ಳೆಯ ಇಂಜನಿಯರುಗಳಾಗುತ್ತಾರೆಂಬುದು ಅವರ ಗಮನಕ್ಕೆ ಬಂತು. ಹಾಗಿದ್ದ ಮೇಲೆ ದುಡಿಮೆಯನ್ನು ಪಠ್ಯಕ್ರಮದ ಒಂದು ಅಂಗವನ್ನಾಗಿಯೇ ಏಕೆ ಮಾಡಬಾರದು?

ಅವರು ಸಿನ್ಸಿನಾಟಿ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ, 1906ರಲ್ಲಿ, ಈ ಆಲೋಚನೆ ಕಾರ್ಯರೂಪಕ್ಕೆ ಬಂತು. ಮೊದಲ ತಂಡದಲ್ಲಿದ್ದವರು 27 ಮಂದಿ ವಿದ್ಯಾರ್ಥಿಗಳು. ವ್ಯವಸ್ಥೆ ಬಹು ಸರಳವಾದುದು. ಕಾರ್ಖಾನೆಯ ಒಂದು ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳ ಜೋಡಿ. ಒಂದು ವಾರ ಮೊದಲನೆಯವನು ಯಂತ್ರದ ಮುಂದೆ, ಎರಡನೆಯವನು ತರಗತಿಯಲ್ಲಿ; ಮರುವಾರ ಸ್ಥಾನ ಅದಲುಬದಲು. ಇದರಿಂದ ಕಾರ್ಖಾನೆಯ ಕೆಲಸ ಎಂದೂ ನಿಲ್ಲುವುದಿಲ್ಲ. ಕಾಲೇಜಿನ ಪಾಠವೂ ನಿಲ್ಲುವುದಿಲ್ಲ. ವಿದ್ಯಾರ್ಥಿಯ ದುಡಿಮೆಗೆ ಕೂಲಿಯೂ ದೊರೆಯುತ್ತದೆ. ವಿಶ್ವವಿದ್ಯಾನಿಲಯವೂ ಉದ್ಯಮವೂ ಕೈಜೋಡಿಸಿ ನಡೆಸುವುದರಿಂದ ಇದಕ್ಕೆ ಸಹಕಾರ ಶಿಕ್ಷಣವೆಂಬ ಹೆಸರು ಬಂತು. 1909ರಲ್ಲಿ ಬೋಸ್ಟನ್ ನಗರದಲ್ಲಿ, ಮುಂದೆ ನಾರ್ತ್ ಈಸ್ಟರ್ನ್ ವಿಶ್ವವಿದ್ಯಾನಿಲಯವಾಗಿ ಬೆಳೆದ ಸಂಸ್ಥೆಯೂ ಇದೇ ಮಾರ್ಗವನ್ನು ಹಿಡಿಯಿತು. ಬ್ರಿಟನ್ನಿನಲ್ಲಿ ಓದಿನ ತಿಂಗಳುಗಳ ನಡುವೆ ಕೆಲಸದ ತಿಂಗಳುಗಳನ್ನು ಇರಿಸುವ ಇನ್ನೊಂದು ಕ್ರಮ ಬೆಳೆಯಿತು. ಎರಡು ಬ್ರೆಡ್ಡಿನ ನಡುವೆ ಪಲ್ಯವಿಟ್ಟಂತಿರುವುದರಿಂದ ಅದನ್ನು ಸ್ಯಾಂಡ್‌ವಿಚ್ ಕೋರ್ಸು ಎಂದು ಕರೆಯುತ್ತಾರೆ.

ಇಂತಹ ಶಾಲೆ ನಗರದಲ್ಲಿಯೇ ಹುಟ್ಟಿತೆಂಬುದು ಆಕಸ್ಮಿಕವಲ್ಲ. ಸಿನ್ಸಿನಾಟಿ ಆ ಕಾಲದಲ್ಲಿ ಯಂತ್ರೋಪಕರಣಗಳನ್ನು ತಯಾರಿಸುವ ದೊಡ್ಡ ಕೇಂದ್ರವಾಗಿತ್ತು. ತರಗತಿಗೂ ಕಾರ್ಖಾನೆಗೂ ದಿನದ ದಾರಿಯಿದ್ದರೆ ವಾರವಾರವೂ ಸ್ಥಾನ ಬದಲಿಸುವುದು ಸಾಧ್ಯವೆ? ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಹೇಗೋ, ಈ ಶಿಕ್ಷಣಕ್ಕೆ ನಗರವೇ ಹಾಗೆ. ಹೆಸರಾಂತ ಪ್ರಯೋಗಶಾಲೆಯನ್ನು ಹೊಸದಾಗಿ ಕಟ್ಟುವುದಕ್ಕೆ ಬದಲು, ಊರಿನಲ್ಲಿ ಆಗಲೇ ಇರುವ ಕಾರ್ಖಾನೆಗಳನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡುದೇ ಷ್ನೈಡರರ ಜಾಣತನ.

ನಮ್ಮ ನಾಡಿನಲ್ಲಿ

ನಮ್ಮ ನಾಡಿನಲ್ಲಿ ಈ ಬಗೆಯ ಶಿಕ್ಷಣಕ್ಕೆ ಒಪ್ಪುವ ನಗರ ಬೆಂಗಳೂರು. 1912ರಲ್ಲಿ ಮೈಸೂರಿನ ದಿವಾನರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮರುವರ್ಷವೇ ಅಲ್ಲಿ ಯಂತ್ರಶಿಲ್ಪದ ಶಾಲೆಯೊಂದನ್ನು ಆರಂಭಿಸಿದರು. 1917ರಲ್ಲಿ ಇಂಜನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಅದು ಇಂದಿಗೂ ಅವರ ಹೆಸರನ್ನೇ ಹೊತ್ತು ನಿಂತಿದೆ. ಕುಶಲಕರ್ಮಿಗೊಂದು ಶಾಲೆ, ಇಂಜನಿಯರನಿಗೊಂದು ಕಾಲೇಜು. ಎರಡೂ ಒಂದೇ ನಗರದಲ್ಲಿ. ಮುಂದೆ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಹೀಗೆ ಒಂದರ ಹಿಂದೆ ಒಂದರಂತೆ ದೊಡ್ಡ ಉದ್ಯಮಗಳು ಅಲ್ಲಿ ನೆಲೆಗೊಂಡವು. ಅವುಗಳ ನೆರಳಿನಲ್ಲಿ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳು ಬೆಳೆದವು.

ಕಾರ್ಖಾನೆಗಳು ಹೆಚ್ಚಿದಂತೆಲ್ಲ ಒಂದು ಕೊರತೆ ಎದ್ದು ಕಾಣತೊಡಗಿತು. ಒಂದೇ ಬಗೆಯ ಸಾವಿರಾರು ವಸ್ತುಗಳನ್ನು ಮಾಡಬೇಕಾದರೆ ಮೊದಲು ಅವುಗಳ ಅಚ್ಚನ್ನು ಮಾಡಬೇಕು. ತಗಡನ್ನು ಒತ್ತಿ ಕತ್ತರಿಸುವುದಕ್ಕೆ ಒಂದು ಬಗೆಯ ಅಚ್ಚು, ಕರಗಿದ ಪ್ಲಾಸ್ಟಿಕ್ಕನ್ನು ತುಂಬುವುದಕ್ಕೆ ಇನ್ನೊಂದು ಬಗೆಯದು. ಅಚ್ಚಿನಲ್ಲಿ ಒಂದು ತಪ್ಪಾದರೆ ಅದರಿಂದ ಹೊರಬರುವ ಲಕ್ಷ ವಸ್ತುಗಳಲ್ಲಿಯೂ ಅದೇ ತಪ್ಪು. ಆದಕಾರಣ ಅಚ್ಚು ಮಾಡುವವನ ಕೈ ನುರಿತಿರಬೇಕು, ತಲೆಯೂ ತಿಳಿದಿರಬೇಕು. ಇಂತಹವರನ್ನು ತಯಾರುಮಾಡಲು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ರಾಜಾಜಿನಗರದ ಕೈಗಾರಿಕಾ ವಸಾಹತುವಿನ ನಡುವೆಯೇ ಅದರ ಕಟ್ಟಡವಿದೆ. ಇಂದು ರಾಜ್ಯದ ಅನೇಕ ಊರುಗಳಲ್ಲಿ ಅದರ ಶಾಖೆಗಳಿವೆ.

ಈ ಕೇಂದ್ರದ ಹೆಸರಿನಲ್ಲಿಯೇ ಅದರ ಗುಟ್ಟು ಅಡಗಿದೆ. ಅದು ಬರಿಯ ತರಬೇತಿ ಕೇಂದ್ರವಲ್ಲ, ಉಪಕರಣಾಗಾರವೂ ಹೌದು. ಹೊರಗಿನ ಉದ್ಯಮಗಳಿಗೆ ಬೇಕಾದ ಅಚ್ಚುಗಳನ್ನೂ ಬಿಡಿಭಾಗಗಳನ್ನೂ ಅದು ಮಾಡಿಕೊಡುತ್ತದೆ. ಇಸ್ರೋ ಸಂಸ್ಥೆಗೂ ಬಿಡಿಭಾಗಗಳನ್ನು ತಯಾರಿಸಿಕೊಟ್ಟಿದೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಸೇರಬಹುದಾದ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾದ ಅವಧಿ ನಾಲ್ಕು ವರ್ಷ. ಮೊದಲ ಮೂರು ವರ್ಷ ಕೇಂದ್ರದಲ್ಲಿ ಓದು ಮತ್ತು ಅಭ್ಯಾಸ. ನಾಲ್ಕನೆಯ ವರ್ಷ ಪೂರ್ತಿಯಾಗಿ ಹೊರಗಿನ ಕಾರ್ಖಾನೆಯೊಂದರಲ್ಲಿ ಕೆಲಸ. ಸಿನ್ಸಿನಾಟಿಯಲ್ಲಿ ವಾರಕ್ಕೊಮ್ಮೆ ಬದಲಾದುದು ಇಲ್ಲಿ ಕೊನೆಯಲ್ಲಿ ಒಮ್ಮೆಲೇ ಬದಲಾಗುತ್ತದೆ. ಈ ಭೇದದ ಪರಿಣಾಮವನ್ನು ಮುಂದೆ ನೋಡೋಣ.

ಬಿಸಿಯಾದ ಉಕ್ಕಿನ ಪಾಠ

ನಮ್ಮ ಮಂಗಳೂರಿನ ಹುಡುಗ ಸೇರಿದುದು ಇಂತಹುದೇ ಒಂದು ಶಿಕ್ಷಣಕ್ಕೆ. ಮೊದಲ ರಜೆಯಲ್ಲಿ ಬಂದಾಗ ಅವನ ಅಂಗೈಯಲ್ಲಿ ಗುಳ್ಳೆಗಳೆದ್ದು ಒಣಗಿದ್ದವು. ಉಕ್ಕಿನ ತುಂಡನ್ನು ವೈಸಿಗೆ ಬಿಗಿದು, ಅರದಿಂದ ಉಜ್ಜಿ ಉಜ್ಜಿ ಸಮತಟ್ಟು ಮಾಡುವುದೇ ಆರಂಭದ ಅಭ್ಯಾಸವಂತೆ. ಗಂಟೆಗಟ್ಟಲೆ ನಿಂತು ದುಡಿದು ಅಳೆದರೆ ಒಂದು ಅಂಚು ಕೂದಲೆಳೆಯಷ್ಟು ತಗ್ಗು, ಮತ್ತೆ ಮೊದಲಿನಿಂದ. ಇದನ್ನು ಕೇಳಿದ ತಾಯಿ, ಹೊಲದ ಕೆಲಸ ತಪ್ಪಿಸಲೆಂದು ಓದಿಸಿದರೆ ಅಲ್ಲಿಯೂ ಇದೇ ಗತಿಯಾಯಿತೆಂದು ಮರುಗಿದರಂತೆ.

ಆ ಸಲ ಅವನು ನಮಗೆ ಹೇಳಿದ ಒಂದು ಸಂಗತಿ ಮಾತ್ರ ನಮ್ಮ ಕಿವಿ ನೆಟ್ಟಗಾಗುವಂತೆ ಮಾಡಿತು. ಸಾಣೆಯಂತ್ರದಿಂದ ಆಗತಾನೆ ಇಳಿಸಿದ ಉಕ್ಕಿನ ತುಂಡನ್ನು ಅವನು ಅಳೆದ, ಅಳತೆ ಸರಿಯಾಗಿತ್ತು. ಮಾರನೆಯ ಬೆಳಗ್ಗೆ ಅಳೆದರೆ ಕಡಿಮೆ! ಯಾರೋ ತುಂಡನ್ನು ಬದಲಿಸಿರಬೇಕೆಂದು ಅವನು ಸಿಟ್ಟಾದನಂತೆ. ವಾಚಕರು ಇದರ ಕಾರಣವನ್ನು ಈಗಾಗಲೇ ಊಹಿಸಿರಬಹುದು. ಉಕ್ಕು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 11.5 ಭಾಗದಷ್ಟು ಬೆಳೆಯುತ್ತದೆ. 60 ಮಿಲಿಮೀಟರಿನ ತುಂಡು 10 ಡಿಗ್ರಿಯಷ್ಟು ಹೆಚ್ಚು ಬಿಸಿಯಿದ್ದರೆ ಆಗುವ ಬೆಳವಣಿಗೆ:

60 × 0.0000115 × 10 = 0.0069 ಮಿಲಿಮೀಟರು.

ಅಂದರೆ ಸುಮಾರು 7 ಮೈಕ್ರಾನು. ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳು ಭಾಗ. ಬಡಗಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅಚ್ಚಿನ ಭಾಗಗಳನ್ನು 10 ಮೈಕ್ರಾನಿನ ಒಳಗೆ ಸರಿಹೊಂದಿಸಬೇಕಾದವನಿಗೆ ಇದು ದೊಡ್ಡ ತಪ್ಪು. ಆದುದರಿಂದಲೇ ಇಂತಹ ಅಳತೆಗಳೆಲ್ಲ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇರತಕ್ಕವು ಎಂಬ ನಿಯಮ ಜಗತ್ತಿನಾದ್ಯಂತ ಜಾರಿಯಲ್ಲಿದೆ. ಉಷ್ಣದಿಂದ ಘನವಸ್ತುಗಳ ವಿಕಾಸವೆಂಬ ಅಧ್ಯಾಯವನ್ನು ನಾವು ವರ್ಷವರ್ಷವೂ ಬೋಧಿಸುತ್ತೇವೆ. ರೈಲು ಹಳಿಗಳ ನಡುವಣ ಸಂದಿಯ ಉದಾಹರಣೆ ಕೊಡುತ್ತೇವೆ. ವಿದ್ಯಾರ್ಥಿಗಳು ಬರೆದು ಅಂಕ ಪಡೆಯುತ್ತಾರೆ. ಆದರೆ ಆ ಅಧ್ಯಾಯದ ಮೇಲೆ ಒಬ್ಬ ವಿದ್ಯಾರ್ಥಿ ಸಿಟ್ಟಾದುದನ್ನು ನಾವು ಕಂಡುದು ಅದೇ ಮೊದಲು. ಸಿಟ್ಟು ಬಂದಿತೆಂದರೆ ಆ ಪಾಠ ಅವನದಾಯಿತೆಂದೇ ಅರ್ಥ.

ಮುಚ್ಚಳದ ಸಮಸ್ಯೆ

ಮೂರನೆಯ ವರ್ಷದ ದೀಪಾವಳಿಗೆ ಬಂದಾಗ ಹುಡುಗ ಈ ಮುಚ್ಚಳವನ್ನು ತಂದು ನಮ್ಮ ಮುಂದಿಟ್ಟ. "ಸರ್, ಮುಚ್ಚಳ ಸರಿಯಾಗಿ 60 ಮಿಲಿಮೀಟರು ಬರಬೇಕಾದರೆ ಅಚ್ಚಿನ ಕುಳಿಯನ್ನು ಎಷ್ಟು ಅಗಲ ಕೊರೆಯಬೇಕು, ಹೇಳ್ತೀರಾ?" ಎಂದು ಕೇಳಿದ. ಪ್ಲಾಸ್ಟಿಕ್ಕು ಪಾಲಿಪ್ರೊಪಿಲೀನ್ ಎಂದೂ ತಿಳಿಸಿದ.

ಇದೇನು ಮಹಾ ಎಂದುಕೊಂಡು ನಾವು ಲೇಖನಿ ಹಿಡಿದೆವು. ಪ್ಲಾಸ್ಟಿಕ್ಕು ಬಿಸಿಯಾಗಿರುವಾಗ ಅಚ್ಚನ್ನು ತುಂಬುತ್ತದೆ, ಆರಿದಾಗ ಕುಗ್ಗುತ್ತದೆ. ಈ ಪ್ಲಾಸ್ಟಿಕ್ಕಿನ ವಿಕಾಸಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 100 ಭಾಗ. ಗಟ್ಟಿಯಾದ ಮೇಲೆ ಸುಮಾರು 100 ಡಿಗ್ರಿಯಷ್ಟು ಆರುತ್ತದೆಂದು ಇಟ್ಟುಕೊಂಡರೆ ಕುಗ್ಗುವಿಕೆ ನೂರಕ್ಕೆ 1. ಆದುದರಿಂದ ಕುಳಿಯ ವ್ಯಾಸ

60 ÷ (1 − 0.01) = 60.61 ಮಿಲಿಮೀಟರು

ಎಂದು ಉತ್ತರ ಕೊಟ್ಟೆವು. ಹುಡುಗ ನಸುನಕ್ಕು, ಆ ಅಳತೆಗೆ ಅಚ್ಚು ಮಾಡಿದರೆ ಮುಚ್ಚಳ ಡಬ್ಬಿಯ ಮೇಲೆ ಕೂರುವುದೇ ಇಲ್ಲವೆಂದ. ಅವನು ಕಂಡಂತೆ ಈ ಪ್ಲಾಸ್ಟಿಕ್ಕು ಕುಗ್ಗುವುದು ನೂರಕ್ಕೆ ಸುಮಾರು ಒಂದೂವರೆ. ಹಾಗಾದರೆ ಕುಳಿ 60.91 ಮಿಲಿಮೀಟರು ಇರಬೇಕು. ನಮ್ಮ ಅಳತೆಯ ಅಚ್ಚಿನಿಂದ ಹೊರಬರುವ ಮುಚ್ಚಳ 60.61 × 0.985, ಎಂದರೆ 59.70 ಮಿಲಿಮೀಟರು. ಮುಚ್ಚಳ 0.3 ಮಿಲಿಮೀಟರಿನಷ್ಟು ಚಿಕ್ಕದು, ಉಕ್ಕಿನ ಅಚ್ಚು ಹಾಳು, ಹಣವೂ ಹಾಳು.

ನಮ್ಮ ಲೆಕ್ಕದಲ್ಲಿ ತಪ್ಪಿದುದೆಲ್ಲಿ? ಗುಣಾಕಾರ ಭಾಗಾಕಾರಗಳಲ್ಲಲ್ಲ, ಪದಾರ್ಥದ ಸ್ವಭಾವವನ್ನು ಅರಿಯುವುದರಲ್ಲಿ. ಪಾಲಿಪ್ರೊಪಿಲೀನಿನ ಅಣುಗಳು ಉದ್ದವಾದ ಎಳೆಗಳಂತಿವೆ. ಕರಗಿರುವಾಗ ಈ ಎಳೆಗಳು ಸಿಕ್ಕುಸಿಕ್ಕಾಗಿ ಹೆಚ್ಚು ಜಾಗ ಹಿಡಿಯುತ್ತವೆ. ಗಟ್ಟಿಯಾಗುವಾಗ ಅವುಗಳ ಒಂದು ಪಾಲು ಅಚ್ಚುಕಟ್ಟಾಗಿ ಮಡಿಚಿಕೊಂಡು ಹರಳುಗಳಾಗುತ್ತವೆ. ಹರವಿದ ಸೀರೆಗಿಂತ ಮಡಿಚಿಟ್ಟ ಸೀರೆ ಕಡಿಮೆ ಜಾಗ ಹಿಡಿಯುವುದಷ್ಟೆ? ಹಾಗೆಯೇ ಹರಳಾದ ಭಾಗ ಕುಗ್ಗುತ್ತದೆ. ಇದು ಉಷ್ಣವಿಕಾಸದ ಅಂಕದೊಳಗೆ ಸೇರದ ಕುಗ್ಗುವಿಕೆ, ಅವಸ್ಥಾಂತರದಿಂದ ಆಗುವಂತಹುದು. ಹರಳುಗಟ್ಟದ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು ನೂರಕ್ಕೆ ಸುಮಾರು ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಇದಲ್ಲದೆ, ಆರುತ್ತಿರುವಾಗ ಎಷ್ಟು ಒತ್ತಡದಿಂದ ಇನ್ನಷ್ಟು ಪ್ಲಾಸ್ಟಿಕ್ಕನ್ನು ಒಳಗೆ ತುರುಕುತ್ತೇವೆ, ಗೋಡೆಯ ದಪ್ಪವೆಷ್ಟು ಎಂಬುದರ ಮೇಲೆಯೂ ಕುಗ್ಗುವಿಕೆ ಅವಲಂಬಿಸಿದೆ. ಹಸಿಮರ ಒಣಗಿದಾಗ ಕುಗ್ಗಿ ಬಿರಿಯುವುದೆಂದು ಕಿನ್ನಾಳದ ಕುಶಲಕರ್ಮಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ. ಅಚ್ಚು ಮಾಡುವವನದೂ ಅಂತಹುದೇ ಅರಿವು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಹುಡುಗನೂ ಒಂದು ಪ್ರಶ್ನೆಯನ್ನು ಹೊತ್ತು ತಂದಿದ್ದ. ಮುಚ್ಚಳದ ದಪ್ಪ ಎರಡರಷ್ಟಾದರೆ ಅದು ಆರುವುದಕ್ಕೆ ನಾಲ್ಕರಷ್ಟು ಹೊತ್ತು ಬೇಕಾಗುತ್ತದೆ. ಎರಡರಷ್ಟೇ ಏಕೆ ಸಾಲದು? ಅವನಿಗೆ ಕಲಿಸಿದವರು ನಿಯಮವನ್ನು ಹೇಳಿದ್ದರು. ಕಾರಣ ಅವನ ಮನಸ್ಸಿಗೆ ಹತ್ತಿರಲಿಲ್ಲ. ಇಲ್ಲಿ ನಮ್ಮ ಪುಸ್ತಕ ನೆರವಿಗೆ ಬಂತು. ಶಾಖವು ಪ್ಲಾಸ್ಟಿಕ್ಕಿನೊಳಗಿಂದ ಹೊರಬರುವುದು ಜಾತ್ರೆಯ ಸಂದಣಿಯಲ್ಲಿ ಸಿಕ್ಕ ಮಗುವಿನಂತೆ. ಅದಕ್ಕೆ ನೇರವಾದ ದಾರಿಯಿಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ ತಳ್ಳಲ್ಪಡುತ್ತ ಹೇಗೋ ಅಂಚನ್ನು ಸೇರುತ್ತದೆ. ಹೀಗೆ ದಿಕ್ಕುತಪ್ಪಿ ಇಡುವ ಹೆಜ್ಜೆಗಳಲ್ಲಿ ಎರಡರಷ್ಟು ದೂರ ಹೋಗಬೇಕಾದರೆ ನಾಲ್ಕರಷ್ಟು ಹೆಜ್ಜೆ, ಮೂರರಷ್ಟು ದೂರಕ್ಕೆ ಒಂಬತ್ತರಷ್ಟು ಹೆಜ್ಜೆ ಬೇಕು. ಆದುದರಿಂದ ಆರುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

2 ಮಿಲಿಮೀಟರು ದಪ್ಪದ ಮುಚ್ಚಳ ಆರಲು 8 ಸೆಕೆಂಡು ಬೇಕೆಂದಿಟ್ಟುಕೊಳ್ಳೋಣ. ದಪ್ಪವನ್ನು 4 ಮಿಲಿಮೀಟರು ಮಾಡಿದರೆ 32 ಸೆಕೆಂಡು ಬೇಕು. ಮುಚ್ಚಳವೊಂದಕ್ಕೆ 24 ಸೆಕೆಂಡು ಹೆಚ್ಚು. ಒಂದೊಂದಾಗಿ ಲಕ್ಷ ಮುಚ್ಚಳಗಳನ್ನು ಮಾಡಿದರೆ 24 ಲಕ್ಷ ಸೆಕೆಂಡು, ಅಂದರೆ ಯಂತ್ರವು ಹಗಲಿರುಳು ನಡೆದರೂ ಸುಮಾರು 28 ದಿನಗಳು ಹೆಚ್ಚು! ಗಟ್ಟಿಯಾಗಲೆಂದು ಮುಚ್ಚಳವನ್ನು ದಪ್ಪ ಮಾಡುವುದಕ್ಕೆ ಬದಲು, ತೆಳುವಾಗಿರಿಸಿ ಒಳಗೆ ಸಣ್ಣ ಏಣುಗಳನ್ನು ಕೊಡುವುದರ ರಹಸ್ಯ ಇದೇ. ಈ ಲೆಕ್ಕವನ್ನು ಬಿಡಿಸಿದಾಗ ಹುಡುಗನ ಮುಖದಲ್ಲಿ ಮೂಡಿದ ಬೆಳಕನ್ನು ನಾವು ಮರೆಯಲಾರೆವು. ಅವನು ಮುಚ್ಚಳವನ್ನು ತಿರುಗಿಸಿ, ಒಳಗಿದ್ದ ಏಣುಗಳ ಮೇಲೆ ಬೆರಳಾಡಿಸಿದ. ಆ ದಿನ ನಮ್ಮಿಬ್ಬರಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟ. ಅವನ ಅರ್ಧವೂ ನಮ್ಮ ಅರ್ಧವೂ ಸೇರಿದಾಗಲೇ ಪಾಠ ಪೂರ್ಣವಾಯಿತು.

ಕಾರ್ಖಾನೆಯ ವರ್ಷ

ಹೀಗೆಂದು, ಕಾರ್ಖಾನೆಯೊಳಗೆ ಕಾಲಿಟ್ಟ ಮಾತ್ರಕ್ಕೆ ಎಲ್ಲರೂ ಕಲಿಯುತ್ತಾರೆಂದು ಭಾವಿಸಬಾರದು. ನಾಲ್ಕನೆಯ ವರ್ಷ ಹುಡುಗನನ್ನು ಒಂದು ಕಾರ್ಖಾನೆಗೆ ಕಳುಹಿಸಿದರು. ಮೊದಲ ಮೂರು ತಿಂಗಳು ಅವನಿಗೆ ದೊರೆತ ಕೆಲಸ ಒಂದೇ: ಅಚ್ಚಿನಿಂದ ಬಿದ್ದ ವಸ್ತುಗಳ ಅಂಚಿನಲ್ಲಿ ಉಳಿದ ತೆಳುವಾದ ಪೊರೆಯನ್ನು ಚಾಕುವಿನಿಂದ ಕೆರೆದು ತೆಗೆಯುವುದು. ಕಾರ್ಖಾನೆಯವರು ಇದನ್ನು ಫ್ಲ್ಯಾಷ್ ಎನ್ನುತ್ತಾರೆ. ಅವನು ಮನೆಗೆ ದೂರವಾಣಿ ಮಾಡಿ, ಎಲ್ಲವನ್ನೂ ಬಿಟ್ಟು ಬರುತ್ತೇನೆಂದ. ತಂದೆ ನಮ್ಮ ಬಳಿಗೆ ಓಡಿಬಂದರು. ಈ ಸಲ ನಾವು ಅವಸರದ ಉತ್ತರ ಕೊಡಲಿಲ್ಲ. ಹುಡುಗನಿಗೆ ಒಂದು ಪ್ರಶ್ನೆಯನ್ನು ಮಾತ್ರ ಕಳುಹಿಸಿದೆವು: ನೀನು ಕೆರೆಯುತ್ತಿರುವ ಪೊರೆ ಬರುವುದಾದರೂ ಏಕೆ?

ಉತ್ತರ ಬಂದುದು ಹದಿನೈದು ದಿನಗಳ ಮೇಲೆ. ಅಚ್ಚು ಎರಡು ಹೋಳುಗಳಿಂದ ಆದುದು. ಕರಗಿದ ಪ್ಲಾಸ್ಟಿಕ್ಕು ಒಳಗಿನಿಂದ ಅವೆರಡನ್ನೂ ದೂರ ತಳ್ಳುತ್ತದೆ. ಕುಳಿಯೊಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 300 ಕಿಲೋಗ್ರಾಂ ಭಾರದಷ್ಟಿದೆ ಎಂದಿಟ್ಟುಕೊಳ್ಳೋಣ. 6 ಸೆಂಟಿಮೀಟರು ವ್ಯಾಸದ ಮುಚ್ಚಳದ ವಿಸ್ತೀರ್ಣ 3.14 × 3 × 3, ಎಂದರೆ ಸುಮಾರು 28.3 ಚದರ ಸೆಂಟಿಮೀಟರು. ತಳ್ಳುವ ಬಲ 28.3 × 300, ಸುಮಾರು 8,500 ಕಿಲೋಗ್ರಾಂ, ಎಂಟೂವರೆ ಟನ್ನು! ಅಂಗೈಯಲ್ಲಿ ಹಿಡಿಯುವ ಈ ಮುಚ್ಚಳ ಹುಟ್ಟುವಾಗ ತುಂಬಿದ ಲಾರಿಯ ಭಾರದಷ್ಟು ಬಲದಿಂದ ಅಚ್ಚನ್ನು ಬಿಡಿಸಲೆತ್ನಿಸುತ್ತದೆ. ಯಂತ್ರ ಅದಕ್ಕಿಂತ ಹೆಚ್ಚು ಬಲದಿಂದ ಅಚ್ಚನ್ನು ಅದುಮಿ ಹಿಡಿಯದಿದ್ದರೆ, ಅಥವಾ ಹೋಳುಗಳ ಅಂಚು ಸವೆದಿದ್ದರೆ, ಸಂದಿಯಿಂದ ಪ್ಲಾಸ್ಟಿಕ್ಕು ಇಣುಕುತ್ತದೆ. ಹುಡುಗ ಪೊರೆ ಯಾವ ಭಾಗದಲ್ಲಿ ಹೆಚ್ಚಾಗಿ ಬರುತ್ತಿದೆಯೆಂದು ದಿನದಿನವೂ ಒಂದು ಪುಸ್ತಕದಲ್ಲಿ ಗುರುತು ಹಾಕಿಟ್ಟ. ಯಾವಾಗಲೂ ಒಂದೇ ಮೂಲೆ. ಆ ಪುಸ್ತಕವನ್ನು ಮೇಸ್ತ್ರಿಗೆ ತೋರಿಸಿದ. ಅಚ್ಚನ್ನು ಬಿಚ್ಚಿ ನೋಡಿದಾಗ ಆ ಮೂಲೆ ಸವೆದಿದ್ದುದು ಕಂಡುಬಂತು. ಮರುವಾರದಿಂದ ಅವನನ್ನು ಅಚ್ಚುಗಳನ್ನು ದುರಸ್ತಿ ಮಾಡುವ ವಿಭಾಗಕ್ಕೆ ಹಾಕಿದರು.

ಇದು ಸುಖವಾಗಿ ಮುಗಿದ ಪ್ರಸಂಗ. ಹೀಗೆ ಮುಗಿಯದ ಪ್ರಸಂಗಗಳೂ ಇವೆ. ಕಲಿಯಲು ಬಂದವನನ್ನು ಅಗ್ಗದ ಕೂಲಿಯಾಳನ್ನಾಗಿ ಬಳಸಿಕೊಳ್ಳುವ ಆಸೆ ಯಾವ ಕಾರ್ಖಾನೆಗಾದರೂ ಬರಬಹುದು. ಇಂತಹ ತರಬೇತಿಯನ್ನು ನಿಯಂತ್ರಿಸಲೆಂದು ನಮ್ಮ ದೇಶದಲ್ಲಿ 1961ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ರಚಿಸಲಾಯಿತು. 1973ರ ತಿದ್ದುಪಡಿಯಿಂದ ಇಂಜನಿಯರಿಂಗ್ ಪದವಿ ಮತ್ತು ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಸೇರಿದರು. ಆದರೆ ಕಾಯಿದೆಯೊಂದರಿಂದಲೇ ಶಿಕ್ಷಣವಾಗದು. ನಮ್ಮ ದೃಷ್ಟಿಯಲ್ಲಿ ಸಹಕಾರ ಶಿಕ್ಷಣ ಫಲಿಸಬೇಕಾದರೆ ಮೂರು ವಿಷಯಗಳು ಅಗತ್ಯ.

ಮೊದಲನೆಯದು, ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಬೇಕು. ಅಂಚು ಕೆರೆಯುವುದು ಕೀಳಲ್ಲ. ಆದರೆ ವರ್ಷವೆಲ್ಲ ಅದೊಂದೇ ಆದರೆ ಅದು ಶಿಕ್ಷಣವಲ್ಲ. ಎರಡನೆಯದು, ಅಧ್ಯಾಪಕರು ಕಾರ್ಖಾನೆಗೆ ಹೋಗಿ ತಮ್ಮ ವಿದ್ಯಾರ್ಥಿ ಏನು ಮಾಡುತ್ತಿದ್ದಾನೆಂದು ಕಣ್ಣಾರೆ ಕಾಣಬೇಕು. ಸಿನ್ಸಿನಾಟಿಯಲ್ಲಿ ಇದಕ್ಕೆಂದೇ ಅಧ್ಯಾಪಕರನ್ನು ನೇಮಿಸಿದ್ದರು. ಮೂರನೆಯದು, ಕಾರ್ಖಾನೆಯಲ್ಲಿ ಹುಟ್ಟಿದ ಪ್ರಶ್ನೆ ತರಗತಿಗೆ ಹಿಂದಿರುಗಬೇಕು. ಸಿನ್ಸಿನಾಟಿಯ ವಾರವಾರದ ಬದಲಾವಣೆಯ ಹಿರಿಮೆ ಇರುವುದು ಇಲ್ಲಿಯೇ: ಸೋಮವಾರ ಕಂಡ ತೊಡಕನ್ನು ಮರುವಾರವೇ ಗುರುವಿನ ಮುಂದಿಡಬಹುದು. ನಮ್ಮ ಮೂರು ಮತ್ತು ಒಂದರ ಕ್ರಮದಲ್ಲಿ ವಿದ್ಯಾರ್ಥಿ ಬೇಕಾದಷ್ಟು ಕೈಪಳಗಿದ ಮೇಲೆ ಹೊರಗೆ ಹೋಗುವನೆಂಬುದು ದೊಡ್ಡ ಲಾಭ. ಹೋದ ಮೇಲೆ ತರಗತಿಗೆ ಮರಳುವುದಿಲ್ಲವೆಂಬುದು ಅಷ್ಟೇ ದೊಡ್ಡ ಕೊರತೆ. ಮಂಗಳೂರಿನ ಹುಡುಗನಿಗೆ ಪ್ರಶ್ನೆ ಕೇಳಲು ಒಬ್ಬ ಅಧ್ಯಾಪಕರು ಊರಕಡೆ ಇದ್ದರು. ಅಂತಹವರಿಲ್ಲದ ಹುಡುಗನ ಪಾಡೇನು?

ಮತ್ತೆ ನಮ್ಮ ಸೀಮೆಗೆ

ಇದು ಬೆಂಗಳೂರಿನವರ ಮಾತು, ನಮಗೇಕೆ ಎಂದು ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ವಾಚಕರು ಕೇಳಬಹುದು. ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಆಟಿಕೆಗಳ ತಯಾರಿಕೆಗೆಂದೇ ಮೀಸಲಾದ ಕೈಗಾರಿಕಾ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕುಕನೂರಿನ ನೆರೆಯ ತಳಕಲ್ಲಿನಲ್ಲಿ ಸರ್ಕಾರಿ ಇಂಜನಿಯರಿಂಗ್ ಕಾಲೇಜಿದೆ. ಕಿನ್ನಾಳದಲ್ಲಿ ತಲೆಮಾರುಗಳಿಂದ ತಂದೆಯ ಪಕ್ಕದಲ್ಲಿ ಕುಳಿತು ಮಗ ಕಲಿಯುವ ಪಾಠಶಾಲೆ ನಡೆದೇ ಇದೆ. ಪ್ಲಾಸ್ಟಿಕ್ಕಿನ ಆಟಿಕೆಗೆ ಅಚ್ಚು ಬೇಕು. ಅಚ್ಚಿಗೆ ಅದನ್ನು ಬಲ್ಲವರು ಬೇಕು. ಕಾರ್ಖಾನೆ, ಕಾಲೇಜು, ಕುಶಲಕರ್ಮಿ ಈ ಮೂವರೂ ಒಂದು ಬಸ್ಸಿನ ದಾರಿಯೊಳಗೆ ಇರುವಾಗ, ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟದೆ ಇದ್ದರೆ ಆ ತಪ್ಪು ಯಾರದು? ಸಹಕಾರ ಶಿಕ್ಷಣಕ್ಕೆ ನಗರ ಬೇಕೆಂದು ಹೇಳಿದೆವು. ಬೇಕಾದುದು ನಗರದ ಗದ್ದಲವಲ್ಲ, ಈ ಸಾಮೀಪ್ಯ.

ಎಸ್.ಎಸ್.ಎಲ್.ಸಿ. ಮುಗಿಸಿದ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ. ಪಿ.ಯು.ಸಿ.ಯ ಮೂಲಕ ಇಂಜನಿಯರಿಂಗ್ ಕಾಲೇಜಿಗೆ ಹೋಗುವ ದಾರಿ ಒಳ್ಳೆಯದೇ. ಡಿಪ್ಲೊಮಾದ ದಾರಿಯೂ ಮುಚ್ಚಿದ ದಾರಿಯಲ್ಲ. ಅದನ್ನು ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಯಾವ ದಾರಿಯನ್ನು ಹಿಡಿದರೂ, ಅಲ್ಲಿ ಕೈ ಮತ್ತು ತಲೆ ಎರಡಕ್ಕೂ ಕೆಲಸವಿದೆಯೆ ಎಂದು ಕೇಳಿ ತಿಳಿದು ಸೇರಿರಿ. ಪುಸ್ತಕದ ದಾರಿ ಹಿಡಿದವರು ರಜೆಯಲ್ಲಿ ಊರಿನ ಲೇತು ಅಂಗಡಿಯಲ್ಲಿ ಒಂದು ವಾರ ನಿಂತು ನೋಡಿರಿ. ನಿಮ್ಮ ಪ್ರಯೋಗಶಾಲೆಯ ಸ್ಕ್ರೂಗೇಜಿನ ಅಣ್ಣನಾದ ಮೈಕ್ರೊಮೀಟರು ಅಲ್ಲಿ ಅನ್ನ ದುಡಿಯುವುದನ್ನು ಕಾಣುವಿರಿ. ಕೆಲಸದ ದಾರಿ ಹಿಡಿದವರು ಪ್ರತಿದಿನವೂ 'ಏಕೆ' ಎಂಬ ಒಂದು ಪ್ರಶ್ನೆಯನ್ನಾದರೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ.

ಹೋದ ಬೇಸಗೆಯಲ್ಲಿ ಆ ರೈತರು ಮತ್ತೆ ಬಂದಿದ್ದರು. ಈ ಸಲ ಜೊತೆಯಲ್ಲಿ ತಂಗಿಯ ಮಗಳು, ಅವಳೂ ಎಸ್.ಎಸ್.ಎಲ್.ಸಿ. ಮುಗಿಸಿದ್ದಳು. ಪ್ರಶ್ನೆ ಹಳೆಯದೇ. ನಾವು ಉತ್ತರ ಕೊಡುವ ಮೊದಲು ಮೇಜಿನ ಮೇಲಿದ್ದ ಮುಚ್ಚಳವನ್ನು ಅವಳ ಕೈಗೆ ಕೊಟ್ಟೆವು. ಅವಳು ಅದನ್ನು ತಿರುಗಿಸಿ ನೋಡಿ, ಒಳಗೆ ಈ ಗೆರೆಗಳೇಕಿವೆ ಎಂದು ಕೇಳಿದಳು. ಯಾವ ದಾರಿಯಲ್ಲಿ ಹೋದರೂ ಇವಳು ಕಲಿಯುವಳೆಂದು ನಮಗೆ ಆಗಲೇ ತಿಳಿಯಿತು.

ಅಭ್ಯಾಸಕ್ಕೆ

1. ಇದೇ 60 ಮಿಲಿಮೀಟರಿನ ಮುಚ್ಚಳವನ್ನು ನೂರಕ್ಕೆ ಅರ್ಧದಷ್ಟು ಕುಗ್ಗುವ ಎ.ಬಿ.ಎಸ್. ಪ್ಲಾಸ್ಟಿಕ್ಕಿನಲ್ಲಿ ಮಾಡಬೇಕಾದರೆ ಕುಳಿಯ ವ್ಯಾಸವೆಷ್ಟಿರಬೇಕು?

2. ಒಂದೇ ಅಚ್ಚಿನಲ್ಲಿ ಇಂತಹ ನಾಲ್ಕು ಮುಚ್ಚಳಗಳ ಕುಳಿಗಳಿದ್ದರೆ, ಮೇಲೆ ಹೇಳಿದ ಒತ್ತಡದಲ್ಲಿ ಅಚ್ಚನ್ನು ಬಿಡಿಸಲೆತ್ನಿಸುವ ಬಲವೆಷ್ಟು?

3. 2 ಮಿಲಿಮೀಟರು ದಪ್ಪದ ಗೋಡೆ 8 ಸೆಕೆಂಡಿನಲ್ಲಿ ಆರಿದರೆ, 3 ಮಿಲಿಮೀಟರಿನದು ಎಷ್ಟು ಹೊತ್ತಿನಲ್ಲಿ ಆರುತ್ತದೆ?

ಉತ್ತರಗಳು: 1. ಸುಮಾರು 60.30 ಮಿಲಿಮೀಟರು. 2. ಸುಮಾರು 34 ಟನ್ನು. 3. 18 ಸೆಕೆಂಡು.